ಹೊಳೆ ಕಾಯುವ ಡಬ್ಬಿ

ನಮ್ಮ ಹಗರಿಬೊಮ್ಮನಹಳ್ಳಿ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುವ ಹುಲುಗೇಶನದು ಸುಮ್ಮನಿರುವ ಕೈಯಲ್ಲ. ಪಾಠ ಮುಗಿಸಿ ಮನೆಗೆ ಹೋದರೆ ವೈರು, ಬೆಸುಗೆ ಕಡ್ಡಿ, ಲ್ಯಾಪ್‌ಟಾಪು. ಪೈಪಿನಲ್ಲಿ ದೂರದರ್ಶಕ ಮಾಡಿದ; ನೋಡಲು ಯಾರೂ ಬರಲಿಲ್ಲ. ಟ್ಯಾಂಕು ತುಂಬಿದರೆ ಕೂಗುವ ಯಂತ್ರ ಮಾಡಿ ಕಾಲೇಜಿಗೆ ಕೊಟ್ಟ. ಗದ್ದಲ ಜಾಸ್ತಿಯಾಯಿತೆಂದು ಪ್ರಿನ್ಸಿಪಾಲರು ಅದರ ವೈರನ್ನೇ ಕೀಳಿಸಿದರು. ಕನ್ನಡ ಮೇಷ್ಟ್ರಾದ ನಾನು ಅವತ್ತೇ ಬೈದಿದ್ದೆ, 'ಕತ್ತಿಗೇನು ಗೊತ್ತಪ್ಪ ಕಸ್ತೂರಿ ವಾಸನಿ, ಸುಮ್ನ ಟ್ಯೂಷನ್ ಮಾಡು' ಎಂದು. ಕೇಳಬೇಕಲ್ಲ!

ಅವನಿಗೆ ಇದ್ದದ್ದು ಒಂದೇ ಆಸೆ. ತಾನು ಮಾಡಿದ್ದು ಅಣ್ಣ ಜಂಬಯ್ಯನಿಗೆ ಉಪಯೋಗಕ್ಕೆ ಬರಬೇಕು. ಹೊಳೆದಂಡೆಯ ಊರು ಹಲವಾಗಲಿನಲ್ಲಿ ಕುರಿ ಕಾಯುವ ಜಂಬಯ್ಯನೇ ತಮ್ಮನನ್ನು ಓದಿಸಿದವನು. ಹೊಳೆ ಬತ್ತಿದಾಗ ಅವನ ಹಿಂಡು ತುಂಗಭದ್ರೆಯ ನಡುವಿನ ಮರಳುದಿಬ್ಬದ ಮೇಲೆ ತಂಗುತ್ತದೆ. ಮೇಲಿಂದ ನೀರು ಬಂದರೆ ದಿಬ್ಬ ಮುಳುಗುತ್ತದೆ. ಅದಕ್ಕೆಂದೇ ಹುಲುಗೇಶ ಎರಡು ದುಂಡು ಕಣ್ಣಿನ ಡಬ್ಬಿಯೊಂದನ್ನು ಮಾಡಿದ. ಒಂದು ಕಣ್ಣು ನೀರಿನತ್ತ ಸದ್ದು ಕಳಿಸುತ್ತದೆ, ಇನ್ನೊಂದು ಅದರ ಮಾರ್ದನಿ ಹಿಡಿಯುತ್ತದೆ. ನೀರು ಒಂದು ಗೇಣು ಏರಿದರೆ ಸಾಕು, ಜಂಬಯ್ಯನಿಗೆ ಫೋನು ಹೋಗುತ್ತದೆ. ಅದನ್ನು ದಡದ ಹಳೇ ಪಂಪ್‌ಹೌಸಿನ ತೊಲೆಗೆ ಬಿಗಿದ.

ಮುಂಗಾರಿನ ಮೊದಲ ನೀರಿಗೇ ಫೋನು ಬಂತು, ಹಿಂಡು ದಡ ಸೇರಿತು. ಜಂಬಯ್ಯ ನನ್ನೆದುರೇ ತಮ್ಮನ ಬೆನ್ನು ತಟ್ಟಿ, 'ಭಲೇ! ಇದು ಮಿಷನ್ ಅಲ್ಲಲೇ, ದ್ಯಾವ್ರು ಐತಿ' ಎಂದ. ಹುಲುಗೇಶ ಅವತ್ತು ನನಗೆ ಎರಡು ಸಲ ಚಹಾ ಕುಡಿಸಿದ. ನೀರು ಇಳಿಯಿತು, ಹಿಂಡು ಮತ್ತೆ ದಿಬ್ಬಕ್ಕೆ ಹೋಯಿತು.

ದೇವರಾದ ಮೇಲೆ ಪೂಜೆ ಬೇಡವೇ? ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಟ್ರ್ಯಾಕ್ಟರಿನಿಂದ ಹಿಟ್ಟಿನ ಗಿರಣಿಯವರೆಗೆ ಎಲ್ಲಕ್ಕೂ ಪೂಜೆ. ಮಣ್ಣೆತ್ತಿನ ಅಮಾವಾಸ್ಯೆಯಂದು ಜಂಬಯ್ಯ ಏಣಿ ಹತ್ತಿ, ಮೈಲಾರಲಿಂಗನ ಭಂಡಾರದ ಅರಿಶಿನವನ್ನು ನೀರಲ್ಲಿ ಕಲಸಿ ಎರಡೂ ಕಣ್ಣಿಗೆ ದಪ್ಪಗೆ ಬಳಿದು, ಕೈಮುಗಿದು ಇಳಿದ. ಭಂಡಾರ ಒಣಗಿ ಗಟ್ಟಿಯಾಯಿತು. ಸದ್ದು ಹೊರಡಲಿಲ್ಲ, ಮಾರ್ದನಿ ಬರಲಿಲ್ಲ. ಮಾರ್ದನಿ ಬಾರದಿದ್ದರೆ ನೀರು ಬಹಳ ಕೆಳಗಿದೆ, ಭಯವಿಲ್ಲ ಎಂದು ಪ್ರೋಗ್ರಾಂ ಬರೆದಿದ್ದವನು ನಮ್ಮ ಹುಲುಗೇಶ!

ಆ ವಾರವೇ ಒಂದು ಬೆಳಗ್ಗೆ ಹೊಳೆ ಬಂತು. ಫೋನು ಬರುತ್ತದೆಂಬ ಧೈರ್ಯದಲ್ಲಿ ಜಂಬಯ್ಯ ರೊಟ್ಟಿ ತಿನ್ನಲು ಮನೆಗೆ ಹೋಗಿದ್ದ. ಅವನು ಓಡಿ ಬರುವಷ್ಟರಲ್ಲಿ ಹಿಂಡಿಗೆ ಹಿಂಡೇ ಕೊಚ್ಚಿಹೋಗಿತ್ತು.

'ಯಾಕ ಫೋನ್ ಬರ್ಲಿಲ್ಲಲೇ?'

ಸುದ್ದಿ ಕೇಳಿ ಬಂದಿದ್ದ ಹುಲುಗೇಶ ಅಷ್ಟರಲ್ಲಿ ಡಬ್ಬಿ ಇಳಿಸಿ ಅದರ ಹಳದಿ ಹಕ್ಕಳೆ ನೋಡಿದ್ದ. 'ನಾ ಬರ್ದಿದ್ದು ತಪ್ಪಿತ್ತಣ್ಣ' ಎಂದನೇ ಹೊರತು ಭಂಡಾರದ ಮಾತೆತ್ತಲಿಲ್ಲ. ಆಮೇಲೆ ನಾನು ಅವನ ಮೇಲೆ ಹರಿಹಾಯ್ದೆ: 'ಪುಣ್ಯಾತ್ಮ, ಇದ್ದದ್ದು ಹೇಳಾಕ ಏನು ಧಾಡಿ ನಿನಗ?'

'ಗೊತ್ತಾದ್ರ ಅಂವ ಉಳಿಯಾಂಗಿಲ್ರಿ ಸರ. ತಾನ ಪೂಜಿ ಮಾಡಿ ತಾನ ಕೊಂದಂಗಾತು ಅಂತ ಎದಿ ಒಡಕೊಂತಾನ.' ಯಾರಿಗೂ ಹೇಳುವುದಿಲ್ಲವೆಂದು ನನ್ನಿಂದ ಆಣೆ ಹಾಕಿಸಿಕೊಂಡ. ಬೆಸುಗೆ ಕಡ್ಡಿಯನ್ನು ಅವನು ಆಮೇಲೆ ಮುಟ್ಟಿಲ್ಲ.

ಮೊನ್ನೆ ಸಂತೆಯಲ್ಲಿ ಜಂಬಯ್ಯ ಸಿಕ್ಕ. ಹಣೆ ತುಂಬ ಭಂಡಾರ. ನಾನು ತಮ್ಮನ ಹೆಸರೆತ್ತಿದೆ.

'ಅವನ ಮಾರಿ ನೋಡಾಂಗಿಲ್ರಿ ಸರ. ಓದಿಸಿದ್ದ ನನ್ನ ತಪ್ಪು.'

ನನಗೆ ಸಿಟ್ಟು ನೆತ್ತಿಗೇರಿತು. ಆಣೆ ನೆನಪಾಗಿ ಬಾಯಿ ಮುಚ್ಚಿಕೊಂಡೆ. ಜಂಬಯ್ಯನೇ ಮುಂದುವರಿಸಿದ: 'ಆ ತೊಲಿಗೆ ಮಾತ್ರ ಈಗೂ ಅಮಾಸಿಗೊಮ್ಮಿ ಭಂಡಾರ ಹಚ್ತೀನ್ರಿ. ದ್ಯಾವ್ರದೇನು ತಪ್ಪೈತಿ, ಪಾಪ?'