ತನ್ನ ಎಂಜಿನ್ನಿನಲ್ಲೇ ಬಂದ ಕಾರು

ಹೊಗೆ ಕಡಿಮೆ ಎಂದು ನಂಬಿಯೇ ನಾನು ಆ ಡೀಸೆಲ್ ಕಾರು ಕೊಂಡದ್ದು. ಮಗಳಿಗೆ ಉಬ್ಬಸ. ಇಲ್ಲಿ ಕೊಲ್ಲಿ ನಾಡಿನಲ್ಲಿ, ಬಿನ್ ಒಮ್ರಾನ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಅವಳು ಮಲಗುವ ಕಿಟಕಿಯ ಕೆಳಗೇ ಅದನ್ನು ನಿಲ್ಲಿಸುತ್ತಿದ್ದೆ, ಬೆಳಿಗ್ಗೆ ಅವಳು ಇಳಿದು ಬರುವವರೆಗೆ ಎಂಜಿನ್ ಆನ್ ಇಟ್ಟು ಎ.ಸಿ. ಹಾಕುತ್ತಿದ್ದೆ. ಆಮೇಲೆ ಸುದ್ದಿ ಬಂತು. ಪರೀಕ್ಷೆಯ ಹೊತ್ತಿಗೆ ಮಾತ್ರ ಹೊಗೆ ತಗ್ಗಿಸುವ ಕಳ್ಳ ಸಾಫ್ಟ್‌ವೇರನ್ನು ಕಂಪೆನಿಯೇ ಅದರೊಳಗೆ ಕೂರಿಸಿತ್ತಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ಕೋರ್ಟಿನಲ್ಲಿ ರಾಜಿಯಾಗಿ, ಕಂಪೆನಿ ಆ ಕಾರುಗಳನ್ನು ವಾಪಸ್ ಕೊಳ್ಳುತ್ತದೆ ಎಂದು ಗೊತ್ತಾಗುವಷ್ಟರಲ್ಲಿ ಮುಶೈರಿಬ್‌ನ ನಮ್ಮ ಆಫೀಸಿನ ಹಿಂದೆ ಒಂದು ಲಾರಿ ರಿವರ್ಸ್ ಬಂದು ಕಾರಿನ ಮುಖ ಜಜ್ಜಿಹಾಕಿತ್ತು. ಗಂಡ ಗುಜರಿಗೆ ಹಾಕು ಎಂದರು. ಮೋಸ ಮಾಡಿದವರು ಆರಾಮಾಗಿರಬೇಕು, ನಾವು ಗುಜರಿಗೆ ಹಾಕಬೇಕು, ಅಲ್ಲವೇ? ನಾನು ಸುತರಾಂ ಒಪ್ಪಲಿಲ್ಲ.

ಕಂಪೆನಿಯ ಆಫೀಸಿಗೆ ಹೋದೆ. ಕೌಂಟರಿನಲ್ಲಿದ್ದವರು ಮಂಗಳೂರು ಕಡೆಯ ಒಬ್ಬರು ಬ್ಯಾರಿ. ನಾನು ಉಡುಪಿಯವಳೆಂದು ತಿಳಿದು ವಾಪಸಾತಿಯ ನಿಯಮಗಳನ್ನು ಕನ್ನಡದಲ್ಲೇ ವಿವರಿಸಿದರು. ಮೋಸ ಬಯಲಾಗುವ ಮೊದಲೇ ಕಾರು ನನ್ನ ಹೆಸರಿನಲ್ಲಿರಬೇಕು, ಇತ್ತು. ಈಗಲೂ ಇರಬೇಕು, ಇದೆ. ಕಂಪೆನಿಯ ಯಾರ್ಡಿನಲ್ಲಿ ತಪಾಸಣೆಗೆ ತನ್ನ ಎಂಜಿನ್ನಿನ ಬಲದಲ್ಲೇ ಓಡಿಬರಬೇಕು. ಜಜ್ಜಿದ ಕಾರಿನ ಫೋಟೋ ನೋಡಿ ಅವರು ಆಗುವುದಿಲ್ಲ ಎಂದು ತಲೆಯಾಡಿಸಿದರು.

"ಇದು ರಸ್ತೆಗಿಳಿದ್ರೆ ಪೊಲೀಸರು ಬಿಡ್ತಾರಾ ಅಕ್ಕ? ಊರಿನವರು ಅಂತ ಹೇಳ್ತಿದ್ದೇನೆ. ಖಲಾಸ್, ಬಿಟ್ಟುಬಿಡಿ."

ಬೇಕಿದ್ದರೆ ಹೊಸ ಸಾಫ್ಟ್‌ವೇರ್ ಪುಕ್ಕಟೆ ಹಾಕಿಕೊಡುತ್ತಾರಂತೆ, ಕಾರು ನಾನೇ ಇಟ್ಟುಕೊಳ್ಳಬೇಕಂತೆ. ಅದೇ ಕಳ್ಳರನ್ನು ಇನ್ನೊಮ್ಮೆ ನಂಬಲು ನನಗೇನು ತಲೆ ಕೆಟ್ಟಿದೆಯೇ?

ಮನೆಗೆ ಬಂದು ಅವರು ಕೊಟ್ಟ ಕಾಗದದಲ್ಲಿ ಆ ನಿಯಮವನ್ನು ಮತ್ತೆ ಮತ್ತೆ ಓದಿದೆ. ಓಡಬೇಕು ಎಂದಿತ್ತು, ರಸ್ತೆಯಲ್ಲಿ ಎಂದು ಎಲ್ಲೂ ಇರಲಿಲ್ಲ.

ಮರುವಾರ ಬಟ್ಟೆ ಒಣಗಿಸುವ ಹಗ್ಗದಿಂದ ಬಾನೆಟ್ ಬಿಗಿದು, ಕಾರನ್ನು ಕೆಟ್ಟ ಗಾಡಿಗಳನ್ನು ಹೊತ್ತೊಯ್ಯುವ ರಿಕವರಿ ಲಾರಿಗೆ ಏರಿಸಿ, ಹಮದ್ ಬಂದರಿನ ದಾರಿಯಲ್ಲಿದ್ದ ಅವರ ಯಾರ್ಡಿಗೆ ಒಯ್ದೆ. ಗೇಟು ದಾಟಿದ ಮೇಲೆ ಕೆಳಗಿಳಿಸಿದರು. ನಾನು ಒಳಗೆ ಕುಳಿತು ಕೀ ತಿರುಗಿಸಿದೆ. ಒಂದು ಸಲ ಕೆಮ್ಮಿ ಅದು ಹಿಡಿದುಕೊಂಡಿತು. ಗಡಗಡ ಸದ್ದು ಮಾಡುತ್ತ ಇಡೀ ಅಂಗಳ ದಾಟಿ ನೇರ ಅವರ ಬಾಗಿಲಲ್ಲೇ ನಿಲ್ಲಿಸಿದೆ. ಎಂಜಿನ್ ಆರಿಸಲಿಲ್ಲ.

ಕೌಂಟರಿನಲ್ಲಿದ್ದ ಅದೇ ಬ್ಯಾರಿ ಮೂಗಿಗೆ ಕರವಸ್ತ್ರ ಹಿಡಿದು ಹೊರಗೆ ಬಂದರು.

"ಆಯ್ತಕ್ಕ, ನೋಡಿದೆ. ಒಮ್ಮೆ ಆಫ್ ಮಾಡಿ ಮಾರಾಯ್ರೆ, ಹೊಗೆ ತಡೀಲಿಕ್ಕೆ ಆಗುದಿಲ್ಲ."

"ಓಡ್ಬೇಕು ಅಂತ ರೂಲ್ ನಿಮ್ಮದೇ ಅಲ್ವಾ, ಓಡ್ತಾ ಉಂಟು," ಎಂದೆ. "ನನ್ನ ಮಗಳು ಇಷ್ಟು ವರ್ಷ ಕುಡಿದದ್ದು ಇದೇ ಹೊಗೆ. ನೀವು ಮೊದಲು ಸೈನ್ ಹಾಕಿ, ಮತ್ತೆ ಆಫ್ ಮಾಡ್ತೇನೆ."

ಅವರು ಕೆಮ್ಮುತ್ತಲೇ ವಾಪಸಾತಿ ಕಾಗದಕ್ಕೆ ಸೈನ್ ಹಾಕಿದರು.