ಕೊರಿಯಾ ಕಾಕಾನ ಫ್ರೀ ಸಾರು

ಕಳೆದ ವಾರ ಅಕ್ಕನ ಬರ್ತ್‌ಡೇಗೆಂದು ಸಾಂತಾಕ್ರೂಜ್‌ನ ಕೊರಿಯನ್ ಹೋಟೆಲಿಗೆ ಹೋಗಿದ್ದೆವು. ಕೇಳದೇ ಒಂದೊಂದು ಬಟ್ಟಲು ಬಿಸಿ ಸಾರು ಬಂತು. ಬೆಲ್ಟಿನ ತುಂಡಿನಂಥ ಕಪ್ಪು ಪಟ್ಟಿಯೊಂದು ಅದರಲ್ಲಿ ತೇಲುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಚಮಚ ಕೆಳಗಿಟ್ಟೆ. ಎದುರಿಗೆ ಅಜ್ಜಿ ಕೂತಿದ್ದಳು...

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಸಯನ್‌ನ ನಮ್ಮ ಬಿಲ್ಡಿಂಗಿನ ಗೇಟಿನ ಪಕ್ಕ ಸಂಜೆ ಒಂದು ಗಾಡಿ ನಿಲ್ಲುತ್ತಿತ್ತು. ಗಾಡಿಯವನು ಬಾಗಲಕೋಟೆ ಕಡೆಯವನು. ನಮಗೆಲ್ಲ ಅವನು ಕೊರಿಯಾ ಕಾಕಾ. ಮೊದಲು ಹಡಗಿನ ಅಡುಗೆಮನೆಯಲ್ಲಿದ್ದನಂತೆ. ಆಮೇಲೆ ಕೊರಿಯಾದ ಯಾವುದೋ ರಾತ್ರಿ ಸಂತೆಯಲ್ಲಿ ಎರಡು ವರ್ಷ ಪಾತ್ರೆ ತೊಳೆದನಂತೆ. ಈ ‘ಅಂತೆ’ಗಳಲ್ಲಿ ನಾನು ಒಂದನ್ನೂ ನಂಬಲಿಲ್ಲ. ಮುಖ ನೋಡಿದರೆ ಪಕ್ಕದ ವಡಾಲ ಸ್ಟೇಷನ್ ದಾಟಿದವನ ಹಾಗೂ ಕಾಣುತ್ತಿರಲಿಲ್ಲ. ಮಾರುತ್ತಿದ್ದದ್ದು ಕೆಂಪು ಖಾರದಲ್ಲಿ ಕುದಿಸಿದ, ಬೆರಳುದ್ದದ ಅಕ್ಕಿಹಿಟ್ಟಿನ ಕಡುಬು. ಒಂದು ತಿಂದರೆ ಕಿವಿಯಲ್ಲಿ ಹೊಗೆ, ಎರಡು ತಿಂದರೆ ಫೈರ್ ಬ್ರಿಗೇಡ್.

ಆದರೆ ನನ್ನ ಸಂಶಯವೆಲ್ಲ ಸಾರಿನ ಮೇಲೆ. ಗಾಡಿಯ ಮುಂದೆ ಸುಮ್ಮನೆ ನಿಂತವರಿಗೂ ಪೇಪರ್ ಕಪ್ಪಿನಲ್ಲಿ ಬಿಸಿ ಸಾರು ಫ್ರೀ. ಅದೂ ಮುಂಬೈಯಲ್ಲಿ! ಇಲ್ಲಿ ಲೋಕಲ್‌ನಲ್ಲಿ ಒರಗಿಕೊಳ್ಳಲು ಒಂದು ಕಂಬವೂ ಫ್ರೀಯಾಗಿ ಸಿಗುವುದಿಲ್ಲ.

“ಅಲ್ಲಿ ಸಂತ್ಯಾಗ ಹಿಂಗ ತಮ್ಮಾ. ಚಳಿಯಾಗ ಬಂದೋರಿಗೆ ಮೊದ್ಲ ಸಾರು, ಆಮ್ಯಾಲ ಮಾತು.”

“ಕಾಕಾ, ಇದು ಮೇ ತಿಂಗಳು.”

“ಹಂಗಾರ ಊದಿ ಕುಡಿ.”

ಅಜ್ಜಿ ದಿನಾ ಊದಿ ಕುಡಿಯುತ್ತಿದ್ದಳು. ಸೋಮವಾರ ಈರುಳ್ಳಿಯನ್ನೂ ಮುಟ್ಟದ ಅಜ್ಜಿ! “ನಮ್ಮ ತವರಮನಿ ಕಟ್ಟಿನ ಸಾರು ನೆನಪಾಗ್ತೈತಿ” ಅನ್ನುತ್ತಿದ್ದಳು. ಅವಳ ಸರ್ಟಿಫಿಕೇಟ್ ನಂಬಿಯೇ ಬಿಲ್ಡಿಂಗಿನ ಸಸ್ಯಾಹಾರಿಗಳೆಲ್ಲ ಕಾಕಾನ ಗಿರಾಕಿಗಳಾಗಿದ್ದರು.

ಒಂದು ಸಂಜೆ ಅವನ ಸೌಟಿನ ಜೊತೆ ಕಪ್ಪಗಿನ, ಲೋಳೆಲೋಳೆಯಾದ ಪಟ್ಟಿಯೊಂದು ಮೇಲೆ ಬಂತು. ಸಿಕ್ಕಿಬಿದ್ದ! ವಿಡಿಯೋ ತೆಗೆದು, ‘ಮೀನಿನ ಚರ್ಮವೋ, ಹಾವಿನ ಪೊರೆಯೋ?’ ಎಂದು ಬರೆದು ಬಿಲ್ಡಿಂಗ್ ಗ್ರೂಪಿಗೆ ಹಾಕಿದೆ. ಊಟದ ಹೊತ್ತಿಗೆ ನಾನು ಎ ವಿಂಗ್, ಬಿ ವಿಂಗ್ ಎರಡಕ್ಕೂ ಪತ್ತೇದಾರ.

ಮರುದಿನ ಅಜ್ಜಿ ತಲೆಗೆ ಸ್ನಾನ ಮಾಡಿ ಉಪವಾಸ ಕೂತಳು. ಸಂಜೆ ಮೂರನೇ ಮಹಡಿಯ ಆಂಟಿ ಇನ್ನಷ್ಟು ಜನರನ್ನು ಕಟ್ಟಿಕೊಂಡು ಗಾಡಿಯೆದುರು ನಿಂತರು. ಕಾಕಾ ಪ್ಯಾಕೆಟ್ ಒಡೆದು ಒಣಗಿದ ಪಟ್ಟಿಯೊಂದನ್ನು ತೋರಿಸಿದ.

“ಇದು ಎಲಿ ಇದ್ದಂಗ ಅಕ್ಕಾರ. ಸಮುದ್ರದಾಗ ಬೆಳಿತೈತಿ.”

“ಸಮುದ್ರದಲ್ಲಿರೋದೆಲ್ಲ ಮಚ್ಛೀನೇ! ನಮ್ಮನ್ನೇನು ಪಾಗಲ್ ಅಂದ್ಕೊಂಡಿದ್ದೀಯಾ?”

ಕಾಕಾ ಪಟ್ಟಿಯನ್ನು ನನ್ನ ಕೈಗಿಟ್ಟ. “ತಮ್ಮಾ, ನೀ ಸಾಲಿ ಕಲಿಯಾಂವ. ಇದಕ್ಕ ಕಣ್ಣು, ಮುಳ್ಳು ಏನಾರ ಅದಾವೇನು, ನೋಡಿ ಹೇಳು.”

ಎಲ್ಲರೂ ನನ್ನತ್ತ ತಿರುಗಿದರು. ನಿಜ ಏನೆಂದರೆ, ಹಿಂದಿನ ರಾತ್ರಿಯೇ ನಾನು ಫೋನಿನಲ್ಲಿ ಹುಡುಕಿ ನೋಡಿದ್ದೆ. ಅದು ಕಡಲ ಪಾಚಿ. ಮೂಲಂಗಿ ಜೊತೆ ಕುದಿಸಿ ಸಾರು ಮಾಡುತ್ತಾರೆ. ಹೇಳಿದರೆ ನನ್ನ ಪತ್ತೇದಾರಿಕೆ ಅಲ್ಲಿಗೇ ಮುಗಿಯುತ್ತಿತ್ತು.

“ಗೊತ್ತಿಲ್ಲ ಕಾಕಾ,” ಅಂದೆ.

ಅವನು ಪಟ್ಟಿಯನ್ನು ವಾಪಸ್ ತೆಗೆದುಕೊಂಡು ಪ್ಯಾಕೆಟ್ಟಿಗೆ ಹಾಕಿದ. ಆಮೇಲೂ ಕೆಲವು ದಿನ ಸಾರು ಕುದಿಯಿತು. ಪೇಪರ್ ಕಪ್ಪುಗಳ ಗೋಪುರ ಮಾತ್ರ ಇದ್ದಷ್ಟೇ ಇತ್ತು. ಒಂದು ಸಂಜೆ ಗಾಡಿ ಬರಲಿಲ್ಲ. ಕಲ್ಯಾಣ್ ಸ್ಟೇಷನ್ ಕಡೆಗೆ ಹೋದ ಅಂದರು, ಊರಿಗೆ ಹೋದ ಅಂದರು... ನಾನು ವಿಚಾರಿಸಲಿಲ್ಲ. ಅವನು ಸಿಕ್ಕಿಬಿಟ್ಟರೆ?

ಹೋಟೆಲಿನಲ್ಲಿ ಅಜ್ಜಿ ಕಪ್ಪು ಪಟ್ಟಿಯನ್ನು ಚಮಚದಿಂದ ಸರಿಸಿದಳು. “ಇದು ಅದಽ ಅಲ್ಲೇನೋ?”

“ಎಲಿ ಇದ್ದಂಗ ಅಜ್ಜಿ. ಸಮುದ್ರದ್ದು.”

“ನಿನಗ ಯಾವಾಗ ಗೊತ್ತಾತು?”

ನನ್ನ ಹತ್ತಿರ ಮೂರು ಸುಳ್ಳು ರೆಡಿ ಇದ್ದವು. ಮೂರೂ ಒಳ್ಳೆಯವೇ.

“ಅವತ್ತಽ,” ಅಂದೆ.

ಅಜ್ಜಿ ನನ್ನನ್ನೇ ನೋಡಿದಳು, ಆ ದಿನ ನಾನು ಕಾಕಾನ ಸೌಟನ್ನು ನೋಡಿದ ಹಾಗೆ. ಆಮೇಲೆ ಬಟ್ಟಲೆತ್ತಿ, ಊದಿ, ಒಂದು ಗುಟುಕು ಕುಡಿದಳು.

“ಅಂವನ ಸಾರಿನ ರುಚಿ ಇಲ್ಲ,” ಅಂದು ಬಟ್ಟಲನ್ನು ನನ್ನ ಕಡೆ ನೂಕಿದಳು.