ಪೈಲಟ್ಟನ ಮನೆಯ ತಲೆಬಾಗಿಲು

ನಾವು ಬಾಡಿಗೆಗೆ ಹಿಡಿದಿದ್ದ ಮನೆಯ ಗೋಡೆಗೆ ನೀಲಿ ಬಿಳಿ ಬಿಲ್ಲೆಯೊಂದನ್ನು ಹೊಡೆದಿದ್ದರು, ಇದು ಸ್ಮಾರಕ ಅಂತ. ನ್ಯೂವೆಗೈನ್ ಎಂಬ ಡಚ್ ಊರು ದಾಟಿ, ನದಿಯ ಏರಿಯ ಮೇಲಿದ್ದ ಮನೆ. ನೂರೈವತ್ತು ವರ್ಷದ ಹಿಂದೆ ಅಲ್ಲೊಬ್ಬ ನದಿ ಪೈಲಟ್ ಇದ್ದನಂತೆ. ನೀರಿನ ಅಡಿಯಲ್ಲಿ ಮರಳು ಎಲ್ಲಿ ಕೂತಿದೆ ಎಂದು ಬಲ್ಲವನು. ಪರವೂರಿನ ಹಡಗು ಬಂದರೆ ಹತ್ತಿ, ಕೆಟ್ಟ ತಿರುವು ದಾಟಿಸಿಕೊಟ್ಟು, ಇಳಿದು ಮನೆಗೆ ಬರುತ್ತಿದ್ದ. ಒಂದು ದಿನ ಇಳಿಯುವಾಗ ಕಾಲು ಜಾರಿ ನೀರುಪಾಲಾದ. ಭಾನುವಾರ ಬಂತೆಂದರೆ ಜನ ಸೈಕಲ್ ನಿಲ್ಲಿಸಿ, ಕಿಟಕಿಯೊಳಗೆ ಇಣುಕಿ ಫೋಟೋ ಹೊಡೆಯುತ್ತಿದ್ದರು. ಒಳಗೆ ನನ್ನ ಗಂಡ ಸಾಯುತ್ತ ಮಲಗಿದ್ದ. ಸ್ಮಾರಕವಂತೆ ಸ್ಮಾರಕ!

ಶ್ವಾಸಕೋಶದ ಕ್ಯಾನ್ಸರ್. ಡಾಕ್ಟರು ಕೈಚೆಲ್ಲಿದ ಮೇಲೆ ಅವನು ಆಸ್ಪತ್ರೆ ಬೇಡ, ಮನೆಯಲ್ಲೇ ಇರುತ್ತೇನೆ ಅಂದ. ಮುಂದಿನ ಕೋಣೆಯಲ್ಲಿ ಮಂಚ ಹಾಕಿಸಿದೆವು. ಅಲ್ಲಿಂದ ಹಡಗು ಕಾಣುತ್ತಿತ್ತು.

ಮನೆಯ ಒಡತಿ ಪೈಲಟ್ಟನ ಮರಿಮೊಮ್ಮಗಳು, ಹಿಂಭಾಗದಲ್ಲಿ ಒಬ್ಬರೇ ಇದ್ದ ಅಜ್ಜಿ. ಬೀಗದ ಕೈ ಕೊಡುವಾಗಲೇ ಹಿಂಬಾಗಿಲಿನದು ಮಾತ್ರ ಕೊಟ್ಟಿದ್ದರು. ನದಿಗೆ ಮುಖ ಮಾಡಿದ ತಲೆಬಾಗಿಲಿಗೆ ಒಳಗಿನಿಂದ ಚಿಲಕ. ಅದನ್ನು ತೆಗೆಯುವುದು ಎರಡೇ ಕೆಲಸಕ್ಕಂತೆ: ಮದುವಣಗಿತ್ತಿ ಒಳಗೆ ಬರುವುದಕ್ಕೆ, ಹೆಣ ಹೊರಗೆ ಹೋಗುವುದಕ್ಕೆ. ಆ ಭಾಗದ ಹಳೆಯ ಮನೆಗಳಲ್ಲಿ ಹಿಂದೆ ಹಾಗೇ ಇತ್ತಂತೆ. ಇವರು ಇನ್ನೂ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಮೈಸೂರಿನಿಂದ ಅತ್ತೆ ಬಂದರು. ನಮ್ಮದು ಬೆಂಗಳೂರಿನಲ್ಲಿ ರಿಜಿಸ್ಟರ್ ಮದುವೆ, ಜಾತಿ ಬೇರೆ. ಅವರು ನನಗೆ ಒಂದು ದಿನವೂ ತಮ್ಮ ಹೊಸ್ತಿಲು ತುಳಿಯಲು ಬಿಟ್ಟಿರಲಿಲ್ಲ. ಈಗ ಮಗನಿಗೋಸ್ಕರ ಬಂದಿದ್ದರು. ನನಗೆ ಹೇಳಬೇಕಾದ್ದನ್ನೆಲ್ಲ ಗೋಡೆಗೆ ಹೇಳುತ್ತಿದ್ದರು. ನಾನೂ ಏನು ಕಡಿಮೆಯಿಲ್ಲ, ಗೋಡೆಗೇ ಉತ್ತರ ಕೊಡುತ್ತಿದ್ದೆ.

ಬಂದ ಮೊದಲ ಸಂಜೆಯೇ ಅವರ ಕಣ್ಣು ಆ ಚಿಲಕದ ಮೇಲೆ ಬಿತ್ತು. ದೀಪ ಹಚ್ಚುವ ಹೊತ್ತಿಗೆ ಹಿಂಬಾಗಿಲು ಮುಚ್ಚಿ ತಲೆಬಾಗಿಲು ತೆಗೆಯುವುದು ಅವರು ಹುಟ್ಟಿದಾಗಿನಿಂದ ಕಂಡ ಪದ್ಧತಿ. ಇಲ್ಲಿ ಎಲ್ಲ ತಿರುಗುಮುರುಗು.

"ಮನೇಲಿ ರೋಗಿ ಮಲಗಿದಾನೆ. ಮುಸ್ಸಂಜೇಲಿ ಬಾಗಿಲು ಜಡಿದು ಕೂತ್ರೆ ಲಕ್ಷ್ಮಿ ಒಳಗೆ ಹೇಗ್ ಬರ್ತಾಳೆ?" ಎಂದು ಗೋಡೆಯನ್ನು ಕೇಳಿದರು.

ಅಜ್ಜಿಯ ಕಟ್ಟಳೆಯನ್ನು ಯಾವ ಬಾಯಲ್ಲಿ ಹೇಳಲಿ? ಮಗ ಸಾಯುತ್ತಿದ್ದಾನೆ, ಆ ಬಾಗಿಲು ಹೆಣಕ್ಕೆ ಎಂದೇ? ಬಾಡಿಗೆ ಮನೆ, ಓನರ್ ಬೇಡ ಅಂದಿದ್ದಾರೆ ಎಂದಷ್ಟೇ ಅಂದೆ. ಕೆಲವು ದಿನ ಹಿಂಬಾಗಿಲ ಬಳಿಯೇ ದೀಪ ಹಚ್ಚಿದರು. ಒಂದು ಸಂಜೆ ನಾನು ನರ್ಸಿನ ಜೊತೆ ಅವನ ಮಗ್ಗುಲು ಬದಲಿಸುತ್ತಿದ್ದಾಗ ಕಿರ್ರೆಂದಿತು. ನದಿಯ ಗಾಳಿ ಕೋಣೆಗೆಲ್ಲ ನುಗ್ಗಿತು. ಅತ್ತೆ ಹೊಸ್ತಿಲಿಗೆ ಅರಿಶಿನ ಕುಂಕುಮ ಇಡುತ್ತಿದ್ದರು.

ಸದ್ದಿಗೆ ಅಜ್ಜಿ ಓಡಿ ಬಂದರು. ಬೈಯುತ್ತಾರೆ, ಮನೆ ಬಿಡಿ ಅನ್ನುತ್ತಾರೆ ಎಂದುಕೊಂಡೆ. ಅವರು ಮಂಚದ ಕಡೆ ನೋಡಿದರು, ಮುಖ ಸುಣ್ಣವಾಗಿತ್ತು. ಆಮೇಲೆ ನನ್ನ ಕಡೆ ತಿರುಗಿ, ತೆಗೆದ ಬಾಗಿಲನ್ನು ಸುಮ್ಮನೆ ಮುಚ್ಚಬಾರದು, ಯಾರಾದರೂ ದಾಟಲೇಬೇಕು, ನೀನು ಮದುವಣಗಿತ್ತಿಯಾಗಿ ಯಾವ ಮನೆ ಹೊಕ್ಕಿದ್ದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಯಾವ ಮನೆಯನ್ನೂ ಇಲ್ಲ ಅಂದೆ. ಇನ್ನು ಮುಚ್ಚಿಟ್ಟು ಆಗಬೇಕಾದ್ದೇನು? ಅತ್ತೆಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ, ಹೆಣದ ಮಾತನ್ನೂ ಬಿಡದೆ.

ಅತ್ತೆ ಕುಂಕುಮದ ಬಟ್ಟಲು ಕೆಳಗಿಟ್ಟು ಎದ್ದರು. ಅಡಿಗೆಮನೆಗೆ ಹೋದರು. ಸೇರು ಎಲ್ಲಿಂದ ಬರಬೇಕು, ಸ್ಟೀಲ್ ಲೋಟದ ತುಂಬ ಅಕ್ಕಿ ತಂದು ಹೊಸ್ತಿಲ ಮೇಲೆ ಇಟ್ಟರು.

"ಆಚೆ ಹೋಗು," ಅಂದರು, ಮೊದಲ ಸಲ ನನ್ನ ಮುಖ ನೋಡಿ. "ಹೋಗಿ, ಬಲಗಾಲಿಟ್ಟು ಬಾ."

ನಾನು ಟ್ರ್ಯಾಕ್ ಪ್ಯಾಂಟಿನಲ್ಲಿದ್ದೆ, ಕೈಯಲ್ಲಿ ರಬ್ಬರ್ ಗ್ಲೌಸು. ಆಚೆ ಹೋಗಿ ನಿಂತಾಗ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇಷ್ಟು ವರ್ಷ ಎಲ್ಲಿ ಸತ್ತಿತ್ತು ಈ ಅಕ್ಕಿ! ಬೆರಳು ತಾಗಿಸಿದರೆ ಸಾಕಿತ್ತು, ನಾನು ಝಾಡಿಸಿ ಒದ್ದೆ. ಲೋಟ ಠಣ್ಣೆಂದು ಉರುಳಿ ಮಂಚದ ಕಾಲಿಗೆ ಬಡಿಯಿತು.

"ಮೆಲ್ಲಗೆ ಕಣೇ," ಅಂದ ಗಂಡ, ಉಸಿರು ಎಳೆದೆಳೆದು. "ಮನೆ ಸ್ಮಾರಕ."

ನಕ್ಕಿದ್ದಕ್ಕೆ ಕೆಮ್ಮು ಬಂದು, ನರ್ಸು ಅವನನ್ನು ಎತ್ತಿ ಕೂರಿಸಬೇಕಾಯಿತು. ಅಜ್ಜಿ ಚಿಲಕ ಹಾಕಲಿಲ್ಲ. ಅಂದಿನಿಂದ ದಿನಾ ಸಂಜೆ ಆ ಬಾಗಿಲು ತೆರೆಯಿತು. ಅತ್ತೆ ದೀಪ ಹಚ್ಚಿ, ಇವತ್ತು ಅವನ ಮುಖದಲ್ಲಿ ಕಳೆ ಇದೆ ಅಲ್ವೇನೇ ಎಂದು ನನ್ನನ್ನೇ ಕೇಳುತ್ತಿದ್ದರು. ಹೌದಮ್ಮ ಅನ್ನುತ್ತಿದ್ದೆ. ಕಳೆಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಅವನು ಗಂಜಿಯನ್ನೂ ಬಿಟ್ಟಿದ್ದ.

ಅತ್ತೆಯ ವೀಸಾ ಮುಗಿಯುವ ಮೊದಲೇ, ಒಂದು ಮಂಜಿನ ಬೆಳಗ್ಗೆ ಅವನು ಹೋದ. ಶವ ಒಯ್ಯುವವರು ತಳ್ಳುಗಾಡಿಯನ್ನು ಹಿಂಬಾಗಿಲಿಗೆ ತಂದಿದ್ದರು. ಅಜ್ಜಿ ಅವರನ್ನು ಸುತ್ತುಹಾಕಿಸಿ ಮುಂದೆ ಕರೆತಂದು, ತಲೆಬಾಗಿಲನ್ನು ತಾವೇ ಹಿಡಿದುಕೊಂಡು ನಿಂತರು. ಹೊಸ್ತಿಲ ಸಂದಿಯಲ್ಲಿ ಅಕ್ಕಿಕಾಳು ಇನ್ನೂ ಇದ್ದವು. ಗಾಡಿಯ ಚಕ್ರ ಅದರ ಮೇಲೇ ಹಾದುಹೋಯಿತು.

ಕಾರ್ಯ ಮುಗಿಸಿ ಬಂದ ಸಂಜೆ, ಹೊತ್ತು ಇಳಿದಾಗ ನಾನು ರೂಢಿಯಂತೆ ಎದ್ದು ತಲೆಬಾಗಿಲು ತೆಗೆಯಲು ಹೋದೆ. ಅತ್ತೆ ಖಾಲಿ ಮಂಚದ ತುದಿಯಲ್ಲಿ ಕೂತಿದ್ದರು.

"ಬೇಡ ಕಣೇ," ಅಂದರು. "ಬರೋಳು ಬಂದಾಯ್ತು, ಹೋಗೋನು ಹೋದ. ಚಿಲಕ ಹಾಕು."

ಹಾಕಿದೆ.